ದುಬೈ ಸಮುದ್ರ, ಮರುಭೂಮಿ: ಕಲಬುರಗಿ ಕಡೆಯಿಂದ ಮನೆಮಂದಿಯೊಂದಿಗೆ ಹೊರಡುವವರಿಗೆ

"ಬಿಸಿಲನಾಡಿನವರಿಗೆ ದುಬೈ ಬಿಸಿಲು ಯಾವ ಲೆಕ್ಕ?" ಎಂಬ ಧೈರ್ಯವೇ ನಮ್ಮ ಕಡೆಯವರನ್ನು ಅಲ್ಲಿ ಮಲಗಿಸುವುದು. ಕಲಬುರಗಿ, ಯಾದಗಿರಿಯ ಮೇ ತಿಂಗಳ ಬಿಸಿಲು ಒಣ ಬಿಸಿಲು. ಮೈಮೇಲೆ ಬಂದ ಬೆವರು ಬಂದಲ್ಲೇ ಆರುತ್ತದೆ, ಆರುವಾಗ ಮೈ ತಣಿಸುತ್ತದೆ. ಮಣ್ಣಿನ ಗಡಿಗೆಯ ನೀರು ತಂಪಾಗುವುದೂ ಹೀಗೆಯೇ. ದುಬೈ ಸಮುದ್ರದ ದಂಡೆಯ ಊರು. ಬೇಸಿಗೆಯಲ್ಲಿ ಗಾಳಿ ತುಂಬ ನೀರಿನಂಶ ಇರುವುದರಿಂದ ಬೆವರು ಆರದೆ ಹಾಗೇ ಇಳಿಯುತ್ತದೆ. ನಮ್ಮಲ್ಲಿ 42 ಡಿಗ್ರಿಯಲ್ಲೂ ಬೇವಿನ ಮರದ ಕೆಳಗೆ ಕೂತರೆ ಜೀವ ಬರುತ್ತದೆ. ಅಲ್ಲಿ 38ಕ್ಕೂ ನೆರಳು ಕೈಹಿಡಿಯುವುದಿಲ್ಲ. ಅದಕ್ಕೇ ಈ ಪ್ರವಾಸವನ್ನು ನೋಡುವ ಜಾಗಗಳ ಪಟ್ಟಿ ಹಿಡಿದು ಹೂಡಬೇಡಿ, ಗಡಿಯಾರ ಹಿಡಿದು ಹೂಡಿ.

ಯಾವಾಗ ಹೋಗಬೇಕು

ನವೆಂಬರ್ ನಡುವಿನಿಂದ ಮಾರ್ಚ್ ಮೊದಲ ವಾರದವರೆಗೆ ಹದವಾದ ಹವೆ. ದಸರಾ ರಜೆಯಲ್ಲಿ ಮಧ್ಯಾಹ್ನ ಇನ್ನೂ 35ರ ಮೇಲೇ ಇರುತ್ತದೆ, ಮುಂಜಾನೆ ಸಂಜೆ ತಡೆದುಕೊಳ್ಳಬಹುದು. ಕ್ರಿಸ್‌ಮಸ್ ರಜೆಯ ಹವೆ ಬಲು ಚೆಂದ, ದರ ಮಾತ್ರ ವರ್ಷದಲ್ಲೇ ಹೆಚ್ಚು. ಸಂಕ್ರಾಂತಿ ಮುಗಿದ ಮೇಲಿನ ಎರಡು ವಾರ ಹವೆ, ದರ ಎರಡೂ ಅನುಕೂಲ, ಮಕ್ಕಳ ಶಾಲೆಯಿಂದ ನಾಲ್ಕು ದಿನ ರಜೆ ಕೇಳುವ ಮನಸ್ಸಿದ್ದರೆ. ರಂಜಾನ್ ತಿಂಗಳು ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಟಿಕೆಟ್ ತೆಗೆಸುವ ಮೊದಲು ಕ್ಯಾಲೆಂಡರ್ ನೋಡಿಕೊಳ್ಳಿ. ಆ ತಿಂಗಳು ಮರುಭೂಮಿಯ ಸಫಾರಿ ಕ್ಯಾಂಪ್‌ಗಳಲ್ಲಿ ಕುಣಿತ, ಸಂಗೀತ ಇರಲಿಕ್ಕಿಲ್ಲ.

ಮೇ, ಜೂನ್‌ನಲ್ಲಿ ಪ್ಯಾಕೇಜ್ ಅಗ್ಗವಾಗುವುದಕ್ಕೆ ಕಾರಣವಿದೆ. ಅಲ್ಲಿಯ ಸರ್ಕಾರವೇ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರವರೆಗೆ ಬಯಲಲ್ಲಿ ಕೂಲಿ ಕೆಲಸ ಮಾಡಿಸುವುದನ್ನು ನಿಷೇಧಿಸಿದೆ. ಆ ಹೊತ್ತಿನಲ್ಲಿ ಐದು ವರ್ಷದ ಮಗುವಿಗೆ ಸಮುದ್ರ ದಂಡೆಯಲ್ಲಿ ಏನು ಕೆಲಸ?

ಮೊದಲು ಪಾಸ್‌ಪೋರ್ಟ್‌ನ ಹೆಸರು ನೋಡಿ

ನಮ್ಮ ಭಾಗದವರಿಗೆ ಹೆಚ್ಚು ಕಾಡುವ ತೊಡಕು ಇದು. ಅನೇಕ ಹಿರಿಯರ ಪಾಸ್‌ಪೋರ್ಟ್‌ನಲ್ಲಿ ಬರೀ "ಶರಣಮ್ಮ" ಅಥವಾ "ಮಲ್ಲಪ್ಪ" ಎಂದು ಒಂದೇ ಹೆಸರು ಇರುತ್ತದೆ, ಅಡ್ಡಹೆಸರಿನ ಜಾಗ ಖಾಲಿ. 2022ರ ನವೆಂಬರ್‌ನಿಂದ ಯುಎಇ (ದುಬೈ ಇರುವ ದೇಶ) ಇಂಥ ಒಂಟಿ ಹೆಸರಿನವರಿಗೆ ಪ್ರವಾಸಿ ವೀಸಾ ಕೊಡುತ್ತಿಲ್ಲ. ಪಾಸ್‌ಪೋರ್ಟ್‌ನ ಎರಡನೇ ಪುಟದಲ್ಲಿ ತಂದೆಯ ಇಲ್ಲವೇ ಮನೆತನದ ಹೆಸರು ಇದ್ದರೆ ಒಪ್ಪುತ್ತಾರೆ. ಅದೂ ಇಲ್ಲದಿದ್ದರೆ ಪಾಸ್‌ಪೋರ್ಟ್ ಹೊಸದಾಗಿ ಮಾಡಿಸಬೇಕು, ಅದಕ್ಕೆ ವಾರಗಟ್ಟಲೆ ಬೇಕು. ಟಿಕೆಟ್‌ಗಿಂತ ಮೊದಲು ಮನೆಮಂದಿಯ ಪಾಸ್‌ಪೋರ್ಟ್‌ಗಳನ್ನೆಲ್ಲ ಮೇಜಿನ ಮೇಲೆ ಹರಡಿ ಮೂರು ಸಂಗತಿ ನೋಡಿ: ಹೆಸರು, ಅವಧಿ, ಟಿಕೆಟ್‌ನಲ್ಲಿ ಬರೆಸಬೇಕಾದ ಕಾಗುಣಿತ. ಅವಧಿ ಕನಿಷ್ಠ ಆರು ತಿಂಗಳು ಉಳಿದಿರಬೇಕು. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷಕ್ಕೆ ಮುಗಿಯುವುದರಿಂದ ಎಡವುವುದು ಅಲ್ಲೇ.

ವೀಸಾ 30 ದಿನದ್ದು ಸಾಕು. ವಿಮಾನ ಕಂಪನಿ, ಹೋಟೆಲ್ ಅಥವಾ ಏಜೆಂಟರ ಮೂಲಕ ಆಗುತ್ತದೆ. ತಾಯಿಯೊಬ್ಬಳೇ ಮಕ್ಕಳನ್ನು ಕರೆದೊಯ್ಯುವುದಾದರೆ ತಂದೆಯ ಒಪ್ಪಿಗೆ ಪತ್ರ, ಮಕ್ಕಳ ಜನನ ಪ್ರಮಾಣಪತ್ರ ಕೈಚೀಲದಲ್ಲಿರಲಿ. ಏಜೆಂಟರ ಪ್ಯಾಕೇಜ್‌ನಲ್ಲಿ ಟಿಸಿಎಸ್ (ಮುಂಗಡವಾಗಿ ವಸೂಲು ಮಾಡುವ ಆದಾಯ ತೆರಿಗೆ) ಎಂದು ಹಿಡಿಯುವ ಹಣ ಕಳೆದುಹೋಗುವ ಹಣವಲ್ಲ. ನಿಮ್ಮ ಪ್ಯಾನ್‌ಗೆ ಜಮೆಯಾಗಿರುತ್ತದೆ, ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹಿಂದಕ್ಕೆ ಕೇಳಬಹುದು.

ಶಂಷಾಬಾದ್ ದಾರಿ

ವಿಮಾನ ಹತ್ತಬೇಕಾದದ್ದು ಹೈದರಾಬಾದಿನ ಶಂಷಾಬಾದ್‌ನಲ್ಲಿ. ಕಲಬುರಗಿಯಿಂದ ಹುಮನಾಬಾದ್, ಜಹೀರಾಬಾದ್ ಮಾರ್ಗವಾಗಿ ಹೋಗಿ ಊರೊಳಗೆ ನುಗ್ಗದೆ ಹೊರ ವರ್ತುಲ ರಸ್ತೆ ಹಿಡಿದರೆ ಐದು ತಾಸು ಎಂದಿಟ್ಟುಕೊಳ್ಳಿ. ಬೀದರ್‌ನವರಿಗೆ ಮೂರೂವರೆ ತಾಸು. ಯಾದಗಿರಿಯವರು ನಾರಾಯಣಪೇಟ, ಮಹಬೂಬ್‌ನಗರದ ಮೇಲೆ ಹೋದರೆ ಹೈದರಾಬಾದ್ ಊರು ಮುಟ್ಟುವುದೇ ಬೇಡ. ವಿಮಾನ ನಿಲ್ದಾಣ ಅದೇ ಮಗ್ಗುಲಿಗಿದೆ. ವಿಮಾನಕ್ಕೆ ಮೂರು ತಾಸು ಮೊದಲು ಅಲ್ಲಿರಬೇಕು. ಹಾರಾಟ ಸುಮಾರು ನಾಲ್ಕು ತಾಸು, ಅಲ್ಲಿಯ ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದೆ. ನಡುರಾತ್ರಿ ಊರು ಬಿಟ್ಟು ನಸುಕಿನ ವಿಮಾನ ಹತ್ತಿದರೆ ಮೊದಲ ದಿನ ಮಕ್ಕಳು ನಿದ್ದೆಗೆಟ್ಟು ಅಳುತ್ತಲೇ ಕಳೆಯುತ್ತಾರೆ. ಆ ದಿನಕ್ಕೆ ಯಾವ ಟಿಕೆಟೂ ಬೇಡ.

ಚೀಲದಲ್ಲಿ ಏನಿರಲಿ, ಏನು ಬೇಡ

ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಚುರುಮುರಿ, ಶೇಂಗಾ ಹೋಳಿಗೆ ಧಾರಾಳ ಒಯ್ಯಿರಿ. ಖಡಕ್ ರೊಟ್ಟಿಯನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿ, ಚೀಲದಲ್ಲಿಟ್ಟರೆ ಪುಡಿಯಾಗುತ್ತದೆ. ಉಪ್ಪಿನಕಾಯಿ, ತುಪ್ಪ ದೊಡ್ಡ ಚೀಲಕ್ಕೆ. ಕೈಚೀಲದಲ್ಲಿ ಇಟ್ಟರೆ ತಪಾಸಣೆಯಲ್ಲಿ ತೆಗೆದುಹಾಕುತ್ತಾರೆ.

ಗಸಗಸೆ ಮಾತ್ರ ಒಂದು ಕಾಳೂ ಬೇಡ. ನಮ್ಮಲ್ಲಿ ಅದು ಮಸಾಲೆ, ಯುಎಇಯಲ್ಲಿ ಅಫೀಮಿನ ಗಿಡದ ಬೀಜವೆಂದು ನಿಷೇಧ. ಮನೆಯ ಮಸಾಲೆ ಖಾರದಲ್ಲಿ ಗಸಗಸೆ ಹುರಿದು ಹಾಕಿದ್ದರೆ ಅದನ್ನೂ ಮನೆಯಲ್ಲೇ ಬಿಡಿ. ವೀಳ್ಯದೆಲೆ, ಪಾನ್ ಕೂಡ ನಿಷೇಧ; ಊಟವಾದ ಮೇಲೆ ಎಲೆ ಬೇಕೇ ಬೇಕು ಎನ್ನುವ ಮುತ್ಯಾನಿಗೆ ಮೊದಲೇ ತಿಳಿಸಿ, ಅವರ ಅಂಗಿಯ ಕಿಸೆಯನ್ನೂ ಒಮ್ಮೆ ನೋಡಿ. ಒಣಕೊಬ್ಬರಿ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ವಸ್ತು, ಹೀಗಾಗಿ ವಿಮಾನದ ಸಾಮಾನಿನಲ್ಲಿ ಅದಕ್ಕೆ ಅವಕಾಶವಿಲ್ಲ.

ಔಷಧಿ ವಿಷಯದಲ್ಲಿ ಸಡಿಲ ಬಿಡಬೇಡಿ. ಕೊಡೀನ್ ಇರುವ ಕೆಮ್ಮಿನ ಔಷಧಿ, ಟ್ರಮಡಾಲ್ ನೋವಿನ ಗುಳಿಗೆ, ಕೆಲವು ನಿದ್ದೆ ಗುಳಿಗೆ ಅಲ್ಲಿ ನಿಯಂತ್ರಿತ ಪದಾರ್ಥ. ಅವನ್ನು ಒಯ್ಯಲೇಬೇಕಾದರೆ ಅಲ್ಲಿಯ ಆರೋಗ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು. ಬಿಪಿ, ಸಕ್ಕರೆ ಗುಳಿಗೆಗಳನ್ನು ಅಂಗಡಿಯಿಂದ ತಂದ ಸ್ಟ್ರಿಪ್‌ನಲ್ಲೇ ಇಟ್ಟು ವೈದ್ಯರ ಇಂಗ್ಲಿಷ್ ಚೀಟಿ ಜೊತೆಗಿಡಿ. ಪವರ್ ಬ್ಯಾಂಕ್ ಕೈಚೀಲದಲ್ಲೇ. ಅಲ್ಲಿಯ ಪ್ಲಗ್ ಮೂರು ಚೌಕ ಕಡ್ಡಿಯದು, ಎರಡು ಅಡಾಪ್ಟರ್ ಇಲ್ಲೇ ಕೊಳ್ಳಿ.

ಸಮುದ್ರ

ಬೇಸಿಗೆಯಾದರೆ ಮುಂಜಾನೆ ಆರಕ್ಕೆ ನೀರಿಗಿಳಿದು ಒಂಬತ್ತಕ್ಕೆ ಹೋಟೆಲ್. ಚಳಿಗಾಲವಾದರೆ ಎಂಟರಿಂದ ಹನ್ನೊಂದು, ಮತ್ತೆ ಮೂರೂವರೆಯಿಂದ ಹೊತ್ತು ಮುಳುಗುವವರೆಗೆ. ಸೂರ್ಯ ಮುಳುಗಿದ ಮೇಲೆ ಎಲ್ಲೆಂದರಲ್ಲಿ ಈಜುವಂತಿಲ್ಲ. ರಾತ್ರಿ ಈಜಲೆಂದೇ ದೀಪ, ಜೀವರಕ್ಷಕರ ಸಮೇತ ದುಬೈ ಆಡಳಿತ 2023ರಲ್ಲಿ ಜುಮೇರಾ 2, ಜುಮೇರಾ 3, ಉಮ್ ಸುಕೈಮ್ 1ರಲ್ಲಿ ಬೇರೆ ದಂಡೆಗಳನ್ನು ತೆರೆದಿದೆ. ಮೇ ತಿಂಗಳಲ್ಲೇ ಹೋಗಬೇಕಾಗಿ ಬಂದವರಿಗೆ ಇದೇ ಸರಿಯಾದ ದಾರಿ. ಕೈಟ್ ಬೀಚ್‌ನಲ್ಲಿ ಮಧ್ಯಾಹ್ನದ ನಂತರ ಗಾಳಿ ಜೋರು, ಸಣ್ಣ ಮಕ್ಕಳಿದ್ದರೆ ಕಲ್ಲಿನ ತಡೆಗೋಡೆಯ ಒಳಗಿನ ಶಾಂತ ನೀರು ಹುಡುಕಿ.

ದಂಡೆಗೆ ಬಂದವರು ಮೊದಲು ಬಾವುಟ ನೋಡಬೇಕು. ಹಸಿರಿದ್ದರೆ ಇಳಿಯಬಹುದು, ಹಳದಿ ಇದ್ದರೆ ಮೊಣಕಾಲು ನೀರು ಸಾಕು, ಕೆಂಪಿದ್ದರೆ ಇಳಿಯಬಾರದು. ನೇರಳೆ ಬಾವುಟ ಕಂಡರೆ ಜೆಲ್ಲಿ ಮೀನಿನಂಥವು ಬಂದಿವೆ ಎಂದು ಅರ್ಥ. ಭೀಮಾ ನದಿಯಲ್ಲಿ, ಬಾವಿಯಲ್ಲಿ ಈಜು ಕಲಿತವರಿಗೂ ಸಮುದ್ರ ಬೇರೆಯೇ. ನೀರು ಒಳಕ್ಕೆ ಎಳೆಯುತ್ತಿದೆ ಅನ್ನಿಸಿದರೆ ದಂಡೆಗೆ ಎದುರಾಗಿ ಬಡಿದಾಡಿದಷ್ಟೂ ತ್ರಾಣ ಹೋಗುತ್ತದೆ. ದಂಡೆಗೆ ಸಮನಾಗಿ ಅಡ್ಡಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ಒಳಗೆ ಬನ್ನಿ. ಗಾಳಿ ತುಂಬಿದ ರಬ್ಬರ್ ಬಳೆ, ತೋಳಿನ ಪಟ್ಟಿ ಆಟಿಕೆಗಳೇ ಹೊರತು ಜೀವರಕ್ಷಕ ಅಲ್ಲ. ದಂಡೆಯಿಂದ ಹೊರಕ್ಕೆ ಗಾಳಿ ಬೀಸಿದರೆ ಮಗುವಿನ ಸಮೇತ ತೇಲಿಹೋಗುತ್ತವೆ. ಮಗು ಸದಾ ಕೈಗೆ ಸಿಗುವ ದೂರದಲ್ಲಿರಬೇಕು. ಮೊಬೈಲ್ ಹಿಡಿದವರನ್ನು ಕಾವಲಿಗೆ ನಿಲ್ಲಿಸಬೇಡಿ.

ಸೀರೆಯುಟ್ಟು ನೀರಿಗಿಳಿದರೆ ಅಲೆಯ ಹೊಡೆತಕ್ಕೆ ಕಾಲಿಗೆ ಸುತ್ತಿಕೊಂಡು ಬೀಳುವುದು ಖಂಡಿತ. ಕೈ, ಕಾಲು, ತಲೆ ಮುಚ್ಚುವ ಈಜುಡುಗೆ ಅಲ್ಲಿ ತೀರಾ ಸಾಮಾನ್ಯ, ಯಾರೂ ತಿರುಗಿ ನೋಡುವುದಿಲ್ಲ. ಹೋಟೆಲ್ ಈಜುಕೊಳಗಳಲ್ಲಿ ಹತ್ತಿ ಬಟ್ಟೆಗೆ ಬಿಡುವುದೂ ಇಲ್ಲ. ಈ ಉಡುಗೆ ಸನ್‌ಸ್ಕ್ರೀನ್ ಖರ್ಚನ್ನೂ ಇಳಿಸುತ್ತದೆ. ದೊಡ್ಡವರ ಇಡೀ ಮೈಗೆ ಒಮ್ಮೆ ಹಚ್ಚಲು ಸುಮಾರು 30 ಮಿ.ಲೀ. ಬೇಕು, ಮೈ ಮುಚ್ಚಿದ್ದರೆ ಮುಖ, ಕತ್ತು, ಮುಂಗೈ, ಪಾದಕ್ಕೆ 10 ಸಾಕು. ನಾಲ್ಕು ಜನ, ದಿನಕ್ಕೆ ಎರಡು ಸಲ, ಮೂರು ಮುಂಜಾನೆ ಅಂದರೆ 240 ಮಿ.ಲೀ. ಎಸ್‌ಪಿಎಫ್ (ಬಿಸಿಲು ತಡೆಯುವ ಅಳತೆ) 30ಕ್ಕೆ ಕಡಿಮೆ ಇಲ್ಲದ್ದು ಕೊಳ್ಳಿ. ನೀರಿಗಿಳಿಯುವ ಇಪ್ಪತ್ತು ನಿಮಿಷ ಮೊದಲು ಹಚ್ಚಿ, ಎರಡು ತಾಸಿಗೊಮ್ಮೆ ಮತ್ತು ಮೈ ಒರೆಸಿದ ಮೇಲೆ ಮತ್ತೆ ಹಚ್ಚಿ. ಕಪ್ಪು ಮೈಬಣ್ಣಕ್ಕೆ ಇದು ಬೇಡ ಅನ್ನುವುದು ಸುಳ್ಳು. ಕಿವಿಯ ಮೇಲುಭಾಗ, ಪಾದದ ಮೇಲುಭಾಗ ನಮ್ಮವರದೂ ಸುಡುತ್ತದೆ. ಆರು ತಿಂಗಳೊಳಗಿನ ಕೂಸಿಗೆ ಸನ್‌ಸ್ಕ್ರೀನ್ ಅಲ್ಲ, ನೆರಳು ಬೇಕು.

ದಂಡೆಯಲ್ಲಿ ಬೇರೆಯವರ, ಅದರಲ್ಲೂ ಹೆಂಗಸರ ಫೋಟೊ ಅವರ ಒಪ್ಪಿಗೆ ಇಲ್ಲದೆ ತೆಗೆಯುವುದು ಅಲ್ಲಿ ಅಪರಾಧ.

ಮರುಭೂಮಿ

ಸಮುದ್ರ ಮತ್ತು ಮರುಭೂಮಿ ಒಂದೇ ದಿನಕ್ಕೆ ಇಡಬೇಡಿ. ಪ್ಯಾಕೇಜ್‌ಗಳಲ್ಲಿ ಹೆಚ್ಚಾಗಿ ಇದೇ ತಪ್ಪು. ಮುಂಜಾನೆ ಉಪ್ಪು ನೀರು ಕುಡಿದು, ಬಿಸಿಲು ತಿಂದ ಮಗುವನ್ನು ಸಂಜೆ ಉಸುಕಿನ ದಿಬ್ಬಗಳ ಮೇಲೆ ಕುಲುಕಿಸಿದರೆ ವಾಂತಿ ಗ್ಯಾರಂಟಿ. ಸಫಾರಿಯ ದಿನ ಮುಂಜಾನೆ ನಿದ್ದೆ, ಮಧ್ಯಾಹ್ನ ಹನ್ನೆರಡೂವರೆಗೆ ಹಗುರ ಊಟ. ಮೊಸರನ್ನ ಅಥವಾ ಇಡ್ಲಿ ಸಾಕು, ಬಿರಿಯಾನಿ ಅಲ್ಲ. ಖಾಲಿ ಹೊಟ್ಟೆಯೂ ಒಳ್ಳೆಯದಲ್ಲ.

ಗಾಡಿ ಮಧ್ಯಾಹ್ನ ಎರಡೂವರೆ ಮೂರರ ಸುಮಾರಿಗೆ ಬರುತ್ತದೆ, ರಾತ್ರಿ ಒಂಬತ್ತರ ಹೊತ್ತಿಗೆ ವಾಪಸು ಬಿಡುತ್ತದೆ. ಹಂಚಿಕೆ ಗಾಡಿಯಾದರೆ ಬೇರೆ ಹೋಟೆಲ್‌ಗಳ ಜನರನ್ನು ಹತ್ತಿಸಿಕೊಳ್ಳುತ್ತ ಒಂದು ತಾಸು ಊರೊಳಗೇ ಸುತ್ತುತ್ತದೆ. ಮಕ್ಕಳು, ಮುದುಕರಿದ್ದರೆ ಇಡೀ ಗಾಡಿ ಮಾಡಿಕೊಳ್ಳಿ. ಮುಂಗಡ ಕೊಡುವ ಮೊದಲು ದಿಬ್ಬದ ಓಟ (ಗಾಡಿಯನ್ನು ಉಸುಕಿನ ದಿಬ್ಬ ಹತ್ತಿಸಿ ಇಳಿಸುವ ಆಟ) ಎಷ್ಟು ನಿಮಿಷ, ಎಷ್ಟು ವರ್ಷದ ಮಗುವಿಗೆ ಬಿಡುತ್ತಾರೆ, ಶಾಕಾಹಾರದ ಸಾಲು ಬೇರೆ ಇದೆಯೇ, ಆಟಕ್ಕೆ ಬರದವರನ್ನು ನೇರ ಕ್ಯಾಂಪ್‌ಗೆ ಬಿಡುತ್ತಾರೆಯೇ ಎಂದು ಕೇಳಿ ಬರವಣಿಗೆಯಲ್ಲಿ ಪಡೆಯಿರಿ. ಕೊನೆಯದು ಮುಖ್ಯ. ಬಸುರಿಯರು, ಬೆನ್ನು ಅಥವಾ ಹೃದಯದ ತೊಂದರೆ ಇರುವವರು, ಮೂರು ವರ್ಷದೊಳಗಿನ ಮಕ್ಕಳು ದಿಬ್ಬದ ಓಟಕ್ಕೆ ಕೂರಬಾರದು.

ಉಸುಕು ಶುರುವಾಗುವಲ್ಲಿ ಚಾಲಕ ಗಾಡಿ ನಿಲ್ಲಿಸಿ ಟೈರಿನ ಗಾಳಿ ಬಿಡುತ್ತಾನೆ. ಗಾಳಿಯ ಒತ್ತಡ 35 ಪಿಎಸ್‌ಐ ಇದ್ದದ್ದನ್ನು 15ರ ಆಸುಪಾಸಿಗೆ ಇಳಿಸಿದರೆ ಟೈರು ಅಗಲವಾಗಿ ಹರಡಿ ಉಸುಕಿನಲ್ಲಿ ಹೂಳದೆ ತೇಲಿದಂತೆ ಓಡುತ್ತದೆ. ಆ ಹತ್ತು ನಿಮಿಷದಲ್ಲೇ ಎಲ್ಲರ ಸೀಟ್ ಬೆಲ್ಟ್ ನೀವೇ ಎಳೆದು ನೋಡಿ, ಮೂತ್ರಕ್ಕೆ ಹೋಗಿಬನ್ನಿ. ಹಿಂದಿನ ಸಾಲು ಹೆಚ್ಚು ಎಗರುತ್ತದೆ. ವಾಂತಿಯ ಭಯ ಇರುವ ದೊಡ್ಡವರು ಮುಂದೆ, ಮಕ್ಕಳು ನಡುಸಾಲಿನಲ್ಲಿ. ಹತ್ತು ವರ್ಷದೊಳಗಿನವರಿಗೆ ಮುಂದಿನ ಸೀಟು ಕಾನೂನಿನಲ್ಲೇ ಇಲ್ಲ. ಕಣ್ಣು ದೂರದ ದಿಗಂತದ ಮೇಲಿರಲಿ, ಮೊಬೈಲ್ ಪರದೆ ನೋಡಿದವರಿಗೆ ಮೊದಲು ತಲೆ ತಿರುಗುತ್ತದೆ. ಚಾಲಕರಲ್ಲಿ ಉರ್ದು, ಹಿಂದಿ ಬಲ್ಲವರು ಬಹಳ, ನಮ್ಮ ದಖ್ಖನಿಯೇ ಸಾಕು. "ಭಾಯ್, ಆಹಿಸ್ತಾ" ಎಂದು ಹೇಳಲು ಸಂಕೋಚ ಯಾಕೆ?

ಬಾಡಿಗೆ ಕಾರಿನಲ್ಲಿ ತಾವೇ ದಿಬ್ಬ ಹತ್ತುವ ಉಮೇದು ಬೇಡ. ರಸ್ತೆ ಬಿಟ್ಟಾಗ ಆದ ಹಾನಿಗೆ ಸಾಮಾನ್ಯ ಬಾಡಿಗೆ ವಿಮೆ ಸಿಗುವುದಿಲ್ಲ.

ಒಂಟೆ ಏಳುವಾಗ ಹಿಂಗಾಲು ಮೊದಲು ಎತ್ತುತ್ತದೆ, ಕೂರುವಾಗ ಮುಂಗಾಲು ಮೊದಲು ಮಡಚುತ್ತದೆ. ಎರಡೂ ಸಲ ಸವಾರ ಮುಂದಕ್ಕೆ ಮುಗ್ಗರಿಸುತ್ತಾನೆ. ಹೀಗಾಗಿ ಎರಡೂ ಸಲ ಹಿಂದಕ್ಕೆ ಬಾಗಿ ಜೀನಿನ ಹಿಡಿ ಬಿಗಿಯಾಗಿ ಹಿಡಿಯಬೇಕು. ಮೆಹಂದಿ ಹಾಕುವವರ ಹತ್ತಿರ ಕಡುಗಪ್ಪು ಬಣ್ಣ ಬೇಡ ಎನ್ನಿ. ಅದರಲ್ಲಿ ಕೂದಲಿಗೆ ಹಚ್ಚುವ ರಾಸಾಯನಿಕ ಇರುತ್ತದೆ, ಮಕ್ಕಳ ಚರ್ಮಕ್ಕೆ ಬೊಬ್ಬೆ ಬರುತ್ತದೆ. ಗಿಡುಗವನ್ನು ಕೈಮೇಲೆ ಕೂರಿಸಿ ಫೋಟೊ ತೆಗೆಯುವವನಿಗೆ ದುಡ್ಡೆಷ್ಟು ಎಂದು ಮೊದಲೇ ಕೇಳಿ.

ಪಟ್ಟಿ ಇರುವ ಸ್ಯಾಂಡಲ್ ಸಾಕು, ಬೂಟಿನೊಳಗೆ ಉಸುಕು ತುಂಬುತ್ತದೆ. ಮೂಗಿಗೆ ದಸ್ತಿ, ಕಾಂಟ್ಯಾಕ್ಟ್ ಲೆನ್ಸ್ ಬದಲು ಕನ್ನಡಕ, ಮೊಬೈಲಿಗೆ ಜಿಪ್ ಚೀಲ. ಡಿಸೆಂಬರ್, ಜನವರಿಯಲ್ಲಿ ಹೊತ್ತು ಮುಳುಗಿದ ಕೂಡಲೇ ಚಳಿ ಶುರುವಾಗುತ್ತದೆ, ಆಯಿಗೆ ಸ್ವೆಟರ್, ಶಾಲು ಗಾಡಿಯಲ್ಲೇ ಇರಲಿ. ಕ್ಯಾಂಪ್‌ನಲ್ಲಿ ನೆಲದ ಗಾದಿಯೇ ಹೆಚ್ಚು. ಮೊಣಕಾಲು ನೋವಿನವರಿಗೆ ಕುರ್ಚಿ ಕೇಳಿದರೆ ಕೊಡುತ್ತಾರೆ.

ಬಿಸಿಲು ಹೊಡೆದರೆ

ದೊಡ್ಡವರಿಗೆ ದಿನಕ್ಕೆ ಮೂರ್ನಾಲ್ಕು ಲೀಟರ್ ನೀರು, ಬಾಯಾರಿಕೆಗೆ ಕಾಯದೆ. ಹತ್ತು ಓಆರ್‌ಎಸ್ ಪೊಟ್ಟಣ ಇಲ್ಲಿಂದಲೇ ಒಯ್ಯಿರಿ. ಮುಗಿದರೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಹಾ ಚಮಚ, ಅಂಚಿಗೆ ಸಮನಾಗಿ ಸವರಿದ ಅಳತೆ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ, ಅಂದಾಜಿನ ಮೇಲೆ ಹಾಕಬೇಡಿ. ಆರು ತಾಸು ಮೂತ್ರ ಮಾಡದ ಮಗುವನ್ನು, ತುಟಿ ಒಣಗಿ ಸುಮ್ಮನೆ ಮಲಗಿದ ಮಗುವನ್ನು ವೈದ್ಯರಿಗೆ ತೋರಿಸಿ. ಮೈ ಕಾದು ಮಾತು ತೊದಲಿದರೆ, ಗಲಿಬಿಲಿಗೊಂಡರೆ ಅದು ಉಷ್ಣಾಘಾತ. 998ಕ್ಕೆ ಕರೆ ಮಾಡಿ; ಆಂಬುಲೆನ್ಸ್ ಬರುವವರೆಗೆ ಬಟ್ಟೆ ಸಡಿಲಿಸಿ, ನೀರು ಸುರಿದು ಗಾಳಿ ಹಾಕುತ್ತಲೇ ಇರಿ. ಪೊಲೀಸರಿಗೆ 999.

ಹಣದ ಮಾತು

ಹೋಟೆಲ್‌ಗೆ ಪೂರ್ತಿ ಹಣ ಕೊಟ್ಟಿದ್ದರೂ ಕೋಣೆಗೆ ರಾತ್ರಿಗೆ 7ರಿಂದ 20 ದಿರ್ಹಮ್ ಪ್ರವಾಸೋದ್ಯಮ ಶುಲ್ಕ ಕೌಂಟರ್‌ನಲ್ಲಿ ಬೇರೆ ಕೇಳುತ್ತಾರೆ. ಜೊತೆಗೆ ವಾಪಸು ಬರುವ ಠೇವಣಿ. ಟ್ಯಾಕ್ಸಿಗೆ ನಾಲ್ಕೇ ಜನ. ಐದಾರು ಮಂದಿಗೆ ದೊಡ್ಡ ವ್ಯಾನ್ ಕರೆಸಿ. ಮೆಟ್ರೊದಲ್ಲಿ ಐದು ವರ್ಷದೊಳಗಿನವರಿಗೆ ಉಚಿತ, ಆದರೆ ಒಳಗೆ ತಿಂದರೆ, ಕುಡಿದರೆ 100 ದಿರ್ಹಮ್ ದಂಡ. ಮಕ್ಕಳ ಕೈಯಲ್ಲಿನ ಚುರುಮುರಿ ಪೊಟ್ಟಣ ಗೇಟಿನ ಹೊರಗೇ ಮಡಚಿಡಿ.

ಬಂಗಾರ ಕೊಳ್ಳುವ ಆಸೆ ಇದ್ದರೆ ಒಂದು ವಿಷಯ. ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂ ಸುಂಕವಿಲ್ಲದೆ ತರಬಹುದು ಎಂದು ಊರಲ್ಲಿ ಹೇಳುವುದು ವರ್ಷಕ್ಕಿಂತ ಹೆಚ್ಚು ಹೊರದೇಶದಲ್ಲಿ ವಾಸವಿದ್ದು ಬರುವವರಿಗೆ, ಅದೂ ಆಭರಣಕ್ಕೆ. ವಾರದ ಪ್ರವಾಸಕ್ಕೆ ಹೋದವರಿಗೆ ಆ ರಿಯಾಯಿತಿ ಇಲ್ಲ. ಇಲ್ಲಿಂದ ಮೈಮೇಲೆ ಹಾಕಿಕೊಂಡು ಹೋಗುವ ಒಡವೆ ಹೆಚ್ಚಿದ್ದರೆ ಹೊರಡುವಾಗಲೇ ಶಂಷಾಬಾದ್ ಕಸ್ಟಮ್ಸ್‌ನಲ್ಲಿ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಿ. ಮರಳುವಾಗ ಅದು ಅಲ್ಲಿ ಕೊಂಡದ್ದಲ್ಲ ಎಂದು ತೋರಿಸಲು ಬೇಕಾಗುತ್ತದೆ. ಇದಕ್ಕೆ ಇನ್ನೊಂದು ತಾಸು ಕೈಯಲ್ಲಿರಲಿ.