ಕಾಯಿಹಾಲಿನಂತಹ ಸೀರಮ್

2020ರ ಮಾರ್ಚ್ ಕೊನೆಯಲ್ಲಿ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿತು. ಅದುವರೆಗೆ ಎಲ್ಲದಕ್ಕೂ ಮಂಗಳೂರಿಗೆ ಹೋಗುತ್ತಿದ್ದವರು ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯ ನಮ್ಮ ಸಣ್ಣ ಲ್ಯಾಬಿನ ಮೆಟ್ಟಿಲು ಹತ್ತತೊಡಗಿದರು. ಸಕ್ಕರೆ, ಹಿಮೋಗ್ಲೋಬಿನ್, ಡೆಂಗಿ ನೋಡಿಕೊಂಡಿದ್ದ ನನ್ನ ಕೈಗೆ ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದವರ ರಕ್ತ ಮೊದಲ ಬಾರಿಗೆ ದಿನವೂ ಬರುವಂತಾಯಿತು.

ಹಾಗೆ ಬಂದವರಲ್ಲಿ ಸ್ತನದ ಗಡ್ಡೆ ತೆಗೆಸಿಕೊಂಡಿದ್ದ ಒಬ್ಬ ತಾಯಿ ಇದ್ದರು, ಜೊತೆಗೆ ಅವರ ಮಗಳು. ಚೀಟಿಯಲ್ಲಿ ಲಿಪಿಡ್ ಪ್ರೊಫೈಲ್, ಅಂದರೆ ರಕ್ತದ ಕೊಬ್ಬಿನ ಪರೀಕ್ಷೆ ಎಂದಿತ್ತು. ರಕ್ತ ಹೆಪ್ಪುಗಟ್ಟಿದ ಮೇಲೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಮೇಲೆ ನಿಲ್ಲುವ ದ್ರವ, ಅಂದರೆ ಸೀರಮ್, ಸಾಮಾನ್ಯವಾಗಿ ಒಣಹುಲ್ಲಿನ ಬಣ್ಣ. ಟ್ಯೂಬಿನ ಹಿಂದೆ ಹಿಡಿದ ಕಾಗದದ ಅಕ್ಷರ ಕಾಣುವಷ್ಟು ತಿಳಿ. ಇವರದು ಆಗತಾನೆ ಹಿಂಡಿದ ಕಾಯಿಹಾಲಿನಂತಿತ್ತು.

“ಬೆಳಿಗ್ಗೆ ಏನಾದರೂ ತಿಂದಿದ್ದೀರಾ ಅಮ್ಮಾ?”

“ಇಲ್ಲ ಮಗಳೇ, ರಾತ್ರಿ ಗಂಜಿ ಉಂಡದ್ದೇ ಕೊನೆ.”

ಯಂತ್ರ ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು ಅಳೆಯಲಾರದೆ ನಿಂತಿತು. ಸಲೈನ್ ಬೆರೆಸಿ ತೆಳುವಾಗಿಸಿ ಮತ್ತೆ ಹಾಕಿದೆ, ಸಾವಿರ ದಾಟಿತು. ಕಂಪ್ಯೂಟರ್ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಜಾಗದಲ್ಲಿ ಸೊನ್ನೆಗಿಂತ ಕೆಳಗಿನ ಅಂಕಿ ತೋರಿಸಿತು. ಏಕೆಂದರೆ ಆ ಎಲ್‌ಡಿಎಲ್ ಅಳೆದದ್ದಲ್ಲ, ಲೆಕ್ಕ ಹಾಕಿದ್ದು: ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) ಕಳೆದು, ಟ್ರೈಗ್ಲಿಸರೈಡಿನ ಐದರಲ್ಲಿ ಒಂದು ಭಾಗವನ್ನೂ ಕಳೆಯುವುದು. 1972ರಿಂದ ಬಳಕೆಯಲ್ಲಿರುವ ಈ ಸೂತ್ರ ಟ್ರೈಗ್ಲಿಸರೈಡ್ 400 ದಾಟಿದರೆ ಸರಿಯಾದ ಉತ್ತರ ಕೊಡುವುದಿಲ್ಲ. ಆ ಸಾಲನ್ನು ತೆಗೆದುಹಾಕಿ, ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದು ಕೇಳಿದೆ. ಪರ್ಸಿನಿಂದ ಸ್ತನ ಕ್ಯಾನ್ಸರಿಗೆ ಕೊಡುವ ಟಮಾಕ್ಸಿಫೆನ್ ಮಾತ್ರೆಯ ಹಾಳೆ ಹೊರಬಂತು. ಕೆಲವರಲ್ಲಿ ಅದು ಟ್ರೈಗ್ಲಿಸರೈಡನ್ನು ಹೀಗೆ ಏರಿಸುತ್ತದೆ. ಈ ಮಟ್ಟಕ್ಕೆ ಹೋದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯವಿದೆ. ಕೂಡಲೇ ಅವರ ವೈದ್ಯರಿಗೆ ಫೋನ್ ಮಾಡಿದೆ. ಅವರು ಔಷಧ ಬದಲಾಯಿಸಿದರು.

ಹೊರಡುವಾಗ ಮಗಳು ಕೇಳಿದಳು: “ಅಕ್ಕಾ, ಕೊಬ್ಬು ಹೀಗೆ ಏರಿದರೆ ಅಮ್ಮನ ಕಾಯಿಲೆ ಬೇರೆ ಕಡೆಗೂ ಹರಡುತ್ತದೆಯೇ?”

“ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ” ಎಂದುಬಿಟ್ಟೆ.

ಹೇಳಿದ್ದು ಸಮಾಧಾನಕ್ಕೆ. ಆದರೆ ಗೊತ್ತಿದ್ದು ಹೇಳಿದ ಮಾತಲ್ಲ ಅದು. ಅಂದಿನಿಂದ ರಾತ್ರಿ ಊಟವಾದ ಮೇಲೆ ಓದತೊಡಗಿದೆ.

ಕೊಬ್ಬು ರಕ್ತದಲ್ಲಿ ತಾನಾಗಿ ಕರಗುವುದಿಲ್ಲ, ಪ್ರೋಟೀನುಗಳು ಅದನ್ನು ಹೊತ್ತು ಸಾಗಿಸುತ್ತವೆ. ಎಲ್‌ಡಿಎಲ್‌ನ ಒಂದು ಕಣಕ್ಕೆ ಅಪೊ-ಬಿ ಎಂಬ ಪ್ರೋಟೀನು ಒಂದೇ. ಹಾಗಾಗಿ ಅಪೊ-ಬಿ ಎಣಿಸಿದರೆ ಕಣಗಳನ್ನೇ ಎಣಿಸಿದಂತೆ. ಎಚ್‌ಡಿಎಲ್‌ನ ಮುಖ್ಯ ಪ್ರೋಟೀನು ಅಪೊ-ಎ1. ಮೂರನೆಯದು ಅಪೊ-ಇ. ಇದಕ್ಕೆ ಇ2, ಇ3, ಇ4 ಎಂಬ ಮೂರು ರೂಪಗಳಿವೆ. ತಂದೆಯಿಂದ ಒಂದು, ತಾಯಿಯಿಂದ ಒಂದು ಬರುತ್ತದೆ.

2020ರಲ್ಲೇ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಸೊಹೈಲ್ ತವಾಜೊಯಿ ಅವರ ತಂಡ ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನಲ್ಲಿ ಅಪೊ-ಇಯ ಈ ರೂಪಗಳನ್ನು ಪರೀಕ್ಷಿಸಿತ್ತು. ಇ4 ಇದ್ದ ಇಲಿಗಳಲ್ಲಿ ಗಡ್ಡೆ ನಿಧಾನವಾಗಿ ಬೆಳೆಯಿತು, ಇ2 ಇದ್ದವುಗಳಲ್ಲಿ ಬೇಗ ಬೆಳೆದು ಹರಡಿತು. ರೋಗಿಗಳ ದಾಖಲೆಗಳಲ್ಲೂ ಇ2 ಇದ್ದವರ ಬದುಕು ಮೊಟಕಾಗಿತ್ತು. ಆಲ್‌ಝೈಮರ್ ಕಾಯಿಲೆಯ ಅಪಾಯ ಹೆಚ್ಚಿಸುವ ಇ4 ಇಲ್ಲಿ ರೋಗನಿರೋಧಕ ಶಕ್ತಿಯ ಕಡೆಗೆ ನಿಂತಿತ್ತು. ಇದನ್ನು ಓದಿ ಪುಸ್ತಕ ಮುಚ್ಚಿ ಬಹಳ ಹೊತ್ತು ಕುಳಿತಿದ್ದೆ. 2024ರ ಕೊನೆಗೆ ಅದೇ ತಂಡ ಸ್ತನ ಕ್ಯಾನ್ಸರಿನ ಬಗ್ಗೆ ಬರೆಯಿತು: ರಕ್ತದಿಂದ ಎಲ್‌ಡಿಎಲ್ ಹೀರುವ ಜೀವಕೋಶದ ಗ್ರಾಹಕಗಳನ್ನು ನಾಶಮಾಡುವ ಪಿಸಿಎಸ್‌ಕೆ9 ಎಂಬ ಪ್ರೋಟೀನಿನ ಒಂದು ಆನುವಂಶಿಕ ರೂಪಕ್ಕೂ ಕಾಯಿಲೆ ಹರಡುವುದಕ್ಕೂ ನಂಟಿದೆ. ನಾನು ಆ ಹುಡುಗಿಗೆ “ಸಂಬಂಧವೇ ಇಲ್ಲ” ಎಂದಿದ್ದೆ.

ಆದರೆ ಲ್ಯಾಬಿನಲ್ಲಿ ಕುಳಿತವಳಿಗೆ ಇನ್ನೊಂದು ಮುಖವೂ ಕಾಣುತ್ತದೆ. ಅನುವಂಶೀಯ ರೂಪ ಹುಟ್ಟಿನಿಂದ ಬಂದದ್ದು, ಬದಲಾಗದು. ರಕ್ತದಲ್ಲಿನ ಮಟ್ಟ ಹಾಗಲ್ಲ. ಕಾಯಿಲೆ ಬಲಿತು ಮೈ ಇಳಿದಾಗ ಎಚ್‌ಡಿಎಲ್, ಅಪೊ-ಎ1 ತಾವೇ ಕುಸಿಯುತ್ತವೆ. ಕಿಮೊ ಜೊತೆ ಕೊಡುವ ಸ್ಟಿರಾಯ್ಡ್ ಟ್ರೈಗ್ಲಿಸರೈಡನ್ನು ಏರಿಸಬಹುದು. ಕಡಿಮೆ ಅಂಕಿ ಕಾಯಿಲೆಯ ಕಾರಣವೋ ಕಾಯಿಲೆಯ ಫಲವೋ ಎಂಬುದನ್ನು ಒಂದು ವರದಿಯ ಹಾಳೆ ಹೇಳಲಾರದು. ಅಪೊ-ಬಿಯನ್ನು ಅಳೆಯುವ ವಿಧಾನವೂ ಗಮನ ಬೇಡುತ್ತದೆ: ಅಪೊ-ಬಿಗೆ ಅಂಟಿಕೊಳ್ಳುವ ಪ್ರತಿಕಾಯ ಸೇರಿಸಿದಾಗ ಉಂಟಾಗುವ ಕದಡನ್ನು ಬೆಳಕಿನಿಂದ ಅಳೆಯುತ್ತಾರೆ. ಸೀರಮ್ ಮೊದಲೇ ಕಾಯಿಹಾಲಿನಂತಿದ್ದರೆ ಅಂಕಿ ದಾರಿ ತಪ್ಪಬಹುದು.

ಆದ್ದರಿಂದ ಸೂಜಿ ಚುಚ್ಚುವ ಮುನ್ನ ಕೇಳುವ ಪ್ರಶ್ನೆಗಳನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬರೆದಿಟ್ಟೆ. ಕೊನೆಯ ಕಿಮೊ ಯಾವಾಗ, ಯಾವ ಮಾತ್ರೆ, ಥೈರಾಯ್ಡ್ ಇದೆಯೇ, ಮೂರು ತಿಂಗಳಲ್ಲಿ ತೂಕ ಎಷ್ಟು ಇಳಿದಿದೆ. ಉತ್ತರ ವರದಿಯ ಜೊತೆಗೇ ವೈದ್ಯರಿಗೆ ಹೋಗುತ್ತದೆ. ತುಳು ಮಾತ್ರ ಬಲ್ಲ ಅಜ್ಜಿಯಂದಿರಿಗೆ ನಾನೇ ಓದಿ ಹೇಳುತ್ತೇನೆ. ಅವರೇ ಎಲ್ಲರಿಗಿಂತ ಸರಿಯಾಗಿ ಉತ್ತರಿಸುತ್ತಾರೆ.

ಕಳೆದ ವರ್ಷ ಆ ಮಗಳು ಮತ್ತೆ ಬಂದಳು. ತಾಯಿ ಚೆನ್ನಾಗಿದ್ದಾರೆ, ಅವರ ಸೀರಮ್ ಬಹಳ ಹಿಂದೆಯೇ ತಿಳಿಯಾಗಿತ್ತು. ಅಪೊ-ಇ ಜೀನ್ ಪರೀಕ್ಷೆಯ ದರಪಟ್ಟಿಯೊಂದನ್ನು ಮೇಜಿನ ಮೇಲಿಟ್ಟು, ಮಾಡಿಸಬೇಕೇ ಎಂದು ಕೇಳಿದಳು.

ಮೊದಲು ಹಳೆಯ ಮಾತನ್ನು ತಿದ್ದಿಕೊಂಡೆ. ಸಂಬಂಧವಿದೆ, ಅಂದು ತಪ್ಪು ಹೇಳಿದೆ ಎಂದೆ. ಆದರೆ ಆ ಅಪೊ-ಇ ಅಧ್ಯಯನ ಮೆಲನೋಮದ್ದು. ಅದನ್ನು ಹಿಡಿದು ಅಮ್ಮನ ಸ್ತನ ಕ್ಯಾನ್ಸರಿನ ಚಿಕಿತ್ಸೆಯನ್ನು ಯಾರೂ ನಿರ್ಧರಿಸುವುದಿಲ್ಲ. ಇ4 ಎಂದು ಬಂದರೆ ಆಲ್‌ಝೈಮರ್ ಚಿಂತೆಯೂ ಮನೆಗೆ ಬರುತ್ತದೆ, ಅಮ್ಮನಿಗೆ ಮಾತ್ರವಲ್ಲ, ನಿನಗೂ ನಿನ್ನ ತಮ್ಮನಿಗೂ. ವೈದ್ಯರನ್ನು ಕೇಳದೆ ಮಾಡಿಸಬೇಡ ಎಂದೆ.

ಅವಳು ದರಪಟ್ಟಿ ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಅಮ್ಮನ ಮುಂದಿನ ಲಿಪಿಡ್ ಪರೀಕ್ಷೆಗೆ ಯಾವ ದಿನ ಬರಲಿ ಎಂದು ಕೇಳಿ, ಮೊಬೈಲಿನಲ್ಲಿ ಬರೆದುಕೊಂಡಳು.