ಜಮೀನಿಗೆ ಮೊದಲು ಒಂದು ಮಳೆಗಾಲ

ಬೆಂಗಳೂರಿನ ಕೆಲಸ ಬಿಟ್ಟು ಧ್ಯಾನ, ಜಪ, ಅಧ್ಯಯನಗಳಿಗಾಗಿ ಮಲೆನಾಡಿನ ಹಳ್ಳಿಯಲ್ಲಿ ನೆಲೆಸಬೇಕೆಂದಿರುವವರು ಸಾಮಾನ್ಯವಾಗಿ ಮೊದಲು ಹುಡುಕುವುದು ಜಮೀನನ್ನು. ನನ್ನ ಅಭಿಪ್ರಾಯದಲ್ಲಿ ಅದು ಎಲ್ಲಕ್ಕಿಂತ ಕೊನೆಗೆ ಮಾಡಬೇಕಾದ ಕೆಲಸ.

ಸಾಧನೆಯು ನಗರದಲ್ಲಿರುವಾಗಲೇ ರೂಢಿಯಾಗಬೇಕು. ಬೆಳಗಿನ ಒಂದು ಗಂಟೆಯನ್ನು ಆರು ತಿಂಗಳು ತಪ್ಪದೆ ಉಳಿಸಿಕೊಳ್ಳಲಾಗದವರಿಗೆ ಹಳ್ಳಿಯ ಬಿಡುವು ಬೇಗನೆ ಬೇಸರ ತರಿಸುತ್ತದೆ. ಮೌನ ತಮಗೆ ಒಗ್ಗುವುದೇ ಎಂದು ತಿಳಿಯಲು ವಿಪಶ್ಯನ ಧ್ಯಾನದ 10 ದಿನಗಳ ಶಿಬಿರವೊಂದರಲ್ಲಿ ಕುಳಿತು ನೋಡಬಹುದು. ಅಲ್ಲಿ ಊಟ, ವಸತಿಗೆ ಶುಲ್ಕವಿಲ್ಲ, ಫೋನು, ಪುಸ್ತಕ, ಮಾತುಗಳಿಗೆ ಅವಕಾಶವೂ ಇಲ್ಲ.

ಅನಂತರ ಶಿರಸಿ, ಸಾಗರ ಅಥವಾ ತೀರ್ಥಹಳ್ಳಿಯ ಕಡೆ ಮನೆಯೊಂದನ್ನು ಬಾಡಿಗೆಗೆ ಹಿಡಿದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇರಬೇಕು. ಡಿಸೆಂಬರಿನಲ್ಲಿ ನೋಡಿ ಮೆಚ್ಚಿದ ಊರಿನ ಗುರುತೇ ಆಗ ಸಿಗುವುದಿಲ್ಲ: ಗಾಳಿಗೆ ಮರ ಬಿದ್ದು ಹೋದ ಕರೆಂಟು ಎರಡು ಮೂರು ದಿನ ಬಾರದಿರುವುದುಂಟು, ಬಟ್ಟೆ ಒಣಗುವುದಿಲ್ಲ, ಚಾಪೆಗೂ ಪುಸ್ತಕಕ್ಕೂ ಬೂಷ್ಟು ಹಿಡಿಯುತ್ತದೆ, ಅಂಗಳ ದಾಟಿದರೆ ಉಂಬಳ (ಜಿಗಣೆ) ಹತ್ತುತ್ತದೆ. ನಿಶ್ಶಬ್ದದ ಮೇಲೂ ಹೆಚ್ಚು ಭರವಸೆ ಬೇಡ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪಂಪು, ಕಳೆ ಕೊಚ್ಚುವ ಯಂತ್ರ, ಮಂಗ ಓಡಿಸುವ ಪಟಾಕಿ ಇವೆಲ್ಲವೂ ಧ್ಯಾನಕ್ಕೆ ಕುಳಿತವರ ಕಿವಿಗೆ ನಗರದ ಹಾರ್ನಿಗಿಂತ ಹತ್ತಿರವಾಗಿರುತ್ತವೆ.

ಕಾಡಿನಲ್ಲಿ ಕೂರುವ ಆಸೆಯಿರುವವರು ಮಂಗನ ಕಾಯಿಲೆಯ ಬಗ್ಗೆ ತಿಳಿದಿರಲೇಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ ಉಣುಗಿನ (ಉಣ್ಣೆಹುಳುವಿನ) ಕಡಿತದಿಂದ ಬರುತ್ತದೆ ಮತ್ತು ಡಿಸೆಂಬರಿನಿಂದ ಮೇ ತನಕ ಹೆಚ್ಚಾಗಿರುತ್ತದೆ. ಆ ತಿಂಗಳುಗಳಲ್ಲಿ ತರಗೆಲೆಯ ಮೇಲೆ ಕೂರಬಾರದು, ಮಂಗ ಸತ್ತ ಸುದ್ದಿಯಿರುವ ಕಾಡಿನತ್ತ ಸುಳಿಯಬಾರದು.

ಸಾವಿನ ಮನೆಗೆ ಬಂದರೇ, ದೇವಸ್ಥಾನದ ಸಮಾರಾಧನೆಯಲ್ಲಿ ಬಡಿಸಲು ನಿಂತರೇ, ಹಳ್ಳಕ್ಕೆ ಸಂಕ (ಕಾಲುಸೇತುವೆ) ಹಾಕುವ ದಿನ ಕೈಜೋಡಿಸಿದರೇ ಎಂಬುದನ್ನು ನೋಡಿಯೇ ಊರು ಹೊಸಬರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅಡಿಕೆ ಕೊಯ್ಲಿನ ಕಾಲದಲ್ಲಿ ನೆರೆಮನೆಯ ಮೆಟ್ಟುಗತ್ತಿಯ ಮುಂದೆ ಸಂಜೆಯ ಹೊತ್ತು ಕುಳಿತು ಸುಲಿಯುವುದನ್ನು ಕಲಿಯಿರಿ. ಕೈಗೆ ಚೊಗರು ಅಂಟುತ್ತದೆ, ಆದರೆ ಜಪಮಾಲೆ ಹಿಡಿದಾಗ ಅಲೆಯುವ ಮನಸ್ಸು ಅಲ್ಲಿ ತಾನಾಗಿ ನಿಲ್ಲುವುದನ್ನು ಕಾಣಬಹುದು.

ಇಷ್ಟಾದ ಮೇಲೂ ಉಳಿಯುವ ಮನಸ್ಸಿದ್ದರೆ ಜಮೀನು ನೋಡಬಹುದು. ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು 2020ರಲ್ಲಿ ರದ್ದಾದುದರಿಂದ ಕೃಷಿಕರಲ್ಲದವರೂ ಈಗ ಕೃಷಿಭೂಮಿ ಕೊಳ್ಳಬಹುದು. ಪಹಣಿ, ಮ್ಯುಟೇಶನ್ (ಹಕ್ಕು ಬದಲಾವಣೆಯ ದಾಖಲೆ), ಋಣಭಾರ ಪತ್ರ, ಮಾರುವ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆಗಳನ್ನು ವಕೀಲರಿಂದ ಪರಿಶೀಲಿಸಿಕೊಳ್ಳಬೇಕು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು 1978ರ ಪಿಟಿಸಿಎಲ್ (ಕೆಲವು ಜಮೀನುಗಳ ಪರಭಾರೆ ನಿಷೇಧ) ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿಯಿಲ್ಲದೆ ಕೊಳ್ಳುವಂತಿಲ್ಲ. ತೋಟದ ಜೊತೆ ತೋರಿಸುವ ಸೊಪ್ಪಿನ ಬೆಟ್ಟವನ್ನು (ತೋಟಕ್ಕೆ ಸೊಪ್ಪು ತರಲು ಬಿಟ್ಟ ಸರ್ಕಾರಿ ಕಾಡನ್ನು) ಕಂಡು ಮರುಳಾಗುವವರು ಬಹಳ. ಅದರ ಮೇಲೆ ತೋಟದವರಿಗಿರುವುದು ಸೊಪ್ಪು, ದರಕು (ಒಣ ಎಲೆ) ತರುವ ಸವಲತ್ತು ಮಾತ್ರ, ಅಲ್ಲಿ ಕುಟೀರ ಕಟ್ಟಲಾಗದು. ಮನೆಯನ್ನು ಹಿಡುವಳಿಯೊಳಗೆ, ರಸ್ತೆಗೆ ಹತ್ತಿರವಾಗಿಯೇ ಕಟ್ಟಿಕೊಳ್ಳಿ. ರಾತ್ರಿ ಹಾವು ಕಚ್ಚಿದರೆ ವಾಹನ ಅಂಗಳದವರೆಗೆ ಬರುವಂತಿರಬೇಕು.