ಒಂದೇ ಸರ್ವರ್, ಏಳೆಂಟು ಗಿರಾಕಿಗಳು: ಎಲ್‌ಎಕ್ಸ್‌ಸಿಯಲ್ಲಿ ನೆಟ್‌ವರ್ಕ್ ಬೇರ್ಪಡಿಸಿದ ನನ್ನ ಅನುಭವ

ಬೇರೆ ಬೇರೆ ಗಿರಾಕಿಗಳನ್ನು ಒಂದೇ ಯಂತ್ರದ ಕಂಟೇನರ್‌ಗಳಲ್ಲಿ (ಒಂದೇ ಕರ್ನಲ್ ಹಂಚಿಕೊಳ್ಳುವ ಬೇರೆ ಬೇರೆ ಕೋಣೆಗಳು) ಕೂರಿಸಬೇಡ, ಒಬ್ಬೊಬ್ಬರಿಗೂ ಒಂದೊಂದು ವಿಎಂ (ಪೂರ್ತಿ ಬೇರೆ ವರ್ಚುವಲ್ ಯಂತ್ರ) ಕೊಡು ಎಂದವರೇ ಹೆಚ್ಚು. ಹಾಗೇ ಕೊಟ್ಟಿದ್ದೆ ಕೂಡ. ಪುಟ್ಟ ಪುಟ್ಟ ವಿಎಂಗಳು, ಪಬ್ಲಿಕ್ ಐಪಿ ಬಾಡಿಗೆ ಸೇರಿ ತಿಂಗಳಿಗೆ ಹತ್ತಿರ ಹತ್ತಿರ 7,000 ರೂಪಾಯಿ. ಗಿರಾಕಿಗಳಿಂದ ಬರುತ್ತಿದ್ದದ್ದು ಅದಕ್ಕಿಂತ ಚೂರು ಜಾಸ್ತಿ, ಅಷ್ಟೆ. ಈಗ ಎಲ್ಲವೂ ಎಲ್‌ಎಕ್ಸ್‌ಸಿ ಎಂಬ ಲಿನಕ್ಸ್ ಕಂಟೇನರ್ ಸಾಧನದ ಕೆಳಗೆ 8 ಜಿಬಿಯ ಒಂದೇ ಯಂತ್ರದಲ್ಲಿವೆ, ಖರ್ಚು 2,500 ಚಿಲ್ಲರೆ. ವರ್ಷದ ಮೇಲಾಯಿತು. ಬೇಡ ಎಂದಿದ್ದ ಒಬ್ಬರು ಮೊನ್ನೆ ಫೋನ್ ಮಾಡಿ ಕಾನ್ಫಿಗ್ ಕೇಳಿದರು.

ಮೊದಲು ಹಿಡಿದದ್ದು ಸಿಸ್ಟಮ್‌ಡಿ-ಎನ್‌ಸ್ಪಾನ್, ಸಿಸ್ಟಮ್‌ಡಿಯವರ ಕಂಟೇನರ್ ಸಾಧನ. ಕಮಾಂಡ್ ಸಾಲಿನಿಂದ ನೇರವಾಗಿ ಓಡಿಸಿದರೆ ಹೋಸ್ಟ್‌ನ (ಮೂಲ ಯಂತ್ರದ) ನೆಟ್‌ವರ್ಕೇ ಕಂಟೇನರ್‌ಗೂ. ಅದೇ ಕಂಟೇನರನ್ನು ಮಷೀನ್‌ಸಿಟಿಎಲ್ ಕಮಾಂಡ್‌ನಿಂದ ಎಬ್ಬಿಸಿದರೆ ಬೇರೆಯದೇ ವೀತ್ ಜೋಡಿ (ಒಂದು ತುದಿ ಹೋಸ್ಟ್‌ನಲ್ಲಿ, ಇನ್ನೊಂದು ಕಂಟೇನರ್‌ನಲ್ಲಿರುವ ವರ್ಚುವಲ್ ಕೇಬಲ್), ಏಕೆಂದರೆ ಸರ್ವಿಸ್ ಟೆಂಪ್ಲೇಟ್‌ನಲ್ಲಿ ಆ ಆಯ್ಕೆ ಮೊದಲೇ ಕೂತಿದೆ. ಕೈಯಲ್ಲಿ ಟೆಸ್ಟ್ ಮಾಡಿದ್ದೊಂದು, ರೀಬೂಟ್ ನಂತರ ಸಿಗುವುದು ಇನ್ನೊಂದು. ಬೇಜಾರಾಗಿ ಎಲ್‌ಎಕ್ಸ್‌ಸಿಗೆ ಬಂದೆ. ಇಲ್ಲೂ ನೆಟ್‌ವರ್ಕ್ ಟೈಪ್ ಜಾಗದಲ್ಲಿ ‘ಎಂಪ್ಟಿ’ (empty) ಕೊಟ್ಟರೆ ಬರೀ ಲೂಪ್‌ಬ್ಯಾಕ್ (ತನ್ನೊಂದಿಗೇ ಮಾತು), ‘ನನ್’ (none) ಕೊಟ್ಟರೆ ಪೂರಾ ಹೋಸ್ಟ್ ನೆಟ್‌ವರ್ಕ್. ಹೋಸ್ಟ್, ಕಂಟೇನರ್ ಎರಡು ಕಡೆಯೂ ಅಪ್‌ಸ್ಟಾರ್ಟ್ (ಯಂತ್ರ ಎಬ್ಬಿಸುವ ಹಳೆಯ ಪ್ರೋಗ್ರಾಂ) ಇದ್ದ ಕಾಲದಲ್ಲಿ ‘ನನ್’ ಹಾಕಿದ ಕಂಟೇನರ್ ಒಳಗೆ ಹಾಲ್ಟ್ ಎಂದರೆ ಹೋಸ್ಟೇ ಮಲಗುತ್ತಿತ್ತು. ಮ್ಯಾನ್ ಪೇಜ್‌ನಲ್ಲೇ ಬರೆದಿದ್ದಾರೆ.

ಮ್ಯಾಕ್‌ವಿಲ್ಯಾನ್ (ಪ್ರತಿ ಕಂಟೇನರ್‌ಗೂ ಅದರದೇ ಮ್ಯಾಕ್, ಅಂದರೆ ನೆಟ್‌ವರ್ಕ್ ಕಾರ್ಡಿನ ವಿಳಾಸ, ಕೊಡುವ ವಿಧಾನ) ಮೇಲೆ ಒಂದು ವಾರ ಹೋಯಿತು. ಬಾಡಿಗೆ ಸರ್ವರ್ ಕೊಟ್ಟವರು ತಮಗೆ ಗೊತ್ತಿಲ್ಲದ ಮ್ಯಾಕ್ ವಿಳಾಸದ ಫ್ರೇಮನ್ನು ಸ್ವಿಚ್‌ನಲ್ಲೇ ಎಸೆಯುತ್ತಾರೆ, ಹೀಗಾಗಿ ಹೊರಗೆ ಏನೂ ಹೋಗಲಿಲ್ಲ. ಐಪಿವಿಲ್ಯಾನ್ ಒಂದೇ ಮ್ಯಾಕ್ ಹಂಚಿಕೊಳ್ಳುವುದರಿಂದ ದಾಟಿತು. ಆದರೆ ಕಂಟೇನರ್‌ಗೊಂದು ಪಬ್ಲಿಕ್ ಐಪಿ ಕೊಳ್ಳಬೇಕು, ಹೋಸ್ಟ್‌ನಿಂದ ಕಂಟೇನರ್‌ಗೆ ಮಾತೂ ಇಲ್ಲ. ಉಳಿತಾಯವೆಲ್ಲ ಅಲ್ಲೇ ಹೋಗುತ್ತಿತ್ತು, ಬಿಟ್ಟೆ.

ಉಳಿದದ್ದು ಬ್ರಿಡ್ಜ್, ಅಂದರೆ ಹೋಸ್ಟ್ ಒಳಗೇ ಇರುವ ಸಾಫ್ಟ್‌ವೇರ್ ಸ್ವಿಚ್. ಹೋಸ್ಟ್‌ನಲ್ಲಿ ಡಾಕರ್ (ಇನ್ನೊಂದು ಕಂಟೇನರ್ ಸಾಧನ) ಕೂಡ ಇತ್ತು. ಕಂಟೇನರ್‌ನಿಂದ ಗೇಟ್‌ವೇಗೆ ಪಿಂಗ್ ಆಗುತ್ತದೆ, ಆಚೆಗೆ ಸತ್ತರೂ ಹೋಗುವುದಿಲ್ಲ. ಡಾಕರ್ ಎದ್ದ ಕೂಡಲೇ ಫಾರ್ವರ್ಡ್ ಚೈನಿನ (ಯಂತ್ರದ ಮೂಲಕ ಹಾದುಹೋಗುವ ಪ್ಯಾಕೆಟ್‌ಗಳ ಫೈರ್‌ವಾಲ್ ಪಟ್ಟಿಯ) ಪಾಲಿಸಿಯನ್ನು ಡ್ರಾಪ್ ಮಾಡಿಡುವ ಮಹಾನುಭಾವ. ಡಾಕರ್-ಯೂಸರ್ ಚೈನಿನಲ್ಲಿ ತೇಪೆ ಹಾಕಬಹುದು, ನಾನು ಡಾಕರನ್ನೇ ಎತ್ತಿ ಬೇರೆ ಕಡೆ ಇಟ್ಟೆ.

ಈಗ ಅಸಲಿ ವಿಷಯ. ನೇಮ್‌ಸ್ಪೇಸ್ (ಕಂಟೇನರ್‌ನ ಸ್ವಂತ ನೆಟ್‌ವರ್ಕ್ ಲೋಕ) ಬೇರೆ ಇದೆ ಎಂದು ನಿಶ್ಚಿಂತರಾಗಿರುವವರು ಯಾವುದಾದರೂ ಕಂಟೇನರ್ ಒಳಗೆ ಹೋಗಿ, ಇಟಿಎಚ್0 ಮೂಲಕ ಎಫ್‌ಎಫ್02::1ಕ್ಕೆ (ಆ ಬ್ರಿಡ್ಜ್‌ನ ಎಲ್ಲರಿಗೂ ಮುಟ್ಟುವ ಐಪಿವಿ6 ವಿಳಾಸ) ಒಂದು ಪಿಂಗ್ ಹೊಡೆಯಿರಿ. ನೆರೆಹೊರೆಯ ಕಂಟೇನರ್‌ಗಳೆಲ್ಲ ಎಫ್‌ಇ80 ಎಂದು ಶುರುವಾಗುವ ಸ್ಥಳೀಯ ವಿಳಾಸದಿಂದ ಸಾಲಾಗಿ ಹಾಜರಿ ಹೇಳುತ್ತವೆ. ಐಪಿವಿ4ಗೆ ಎಷ್ಟೇ ನಿಯಮ ಬರೆದಿದ್ದರೂ ಅಷ್ಟೇ.

ಇದಕ್ಕೆ ಮದ್ದು ಬ್ರಿಡ್ಜ್ ಪೋರ್ಟಿನ ‘ಐಸೊಲೇಟೆಡ್’ ಧ್ವಜ (ಫ್ಲ್ಯಾಗ್), ಕರ್ನಲ್ 4.18ರಿಂದ ಇದೆ. ಧ್ವಜ ಹಾಕಿದ ಪೋರ್ಟ್‌ಗಳು ತಮ್ಮತಮ್ಮಲ್ಲಿ ಮಾತಾಡುವಂತಿಲ್ಲ, ಹೋಸ್ಟ್ ಮತ್ತು ಧ್ವಜ ಇಲ್ಲದ ಪೋರ್ಟ್‌ಗಳ ಜೊತೆ ಮಾತ್ರ. ಎಲ್‌ಎಕ್ಸ್‌ಸಿ ಮೇಲೆ ಕಟ್ಟಿದ ಎಲ್‌ಎಕ್ಸ್‌ಡಿ, ಇನ್‌ಕಸ್‌ನವರಿಗೆ ಪೋರ್ಟ್ ಐಸೊಲೇಷನ್ ಎಂಬ ಒಂದೇ ಸಾಲು. ಬರೀ ಎಲ್‌ಎಕ್ಸ್‌ಸಿಯವರಿಗೆ ಕೈಕೆಲಸ: ಕಂಟೇನರ್ ಎದ್ದಾಗಲೆಲ್ಲ ವೀತ್ ಹೊಸದಾಗಿ ಹುಟ್ಟುತ್ತದೆ, ಹಳೆಯ ಧ್ವಜ ಅದರ ಜೊತೆಗೇ ಸತ್ತಿರುತ್ತದೆ. ಹಾಗಾಗಿ ನೆಟ್ ವಿಭಾಗದ ಸ್ಕ್ರಿಪ್ಟ್-ಅಪ್‌ನಲ್ಲಿ ಒಂದು ಸಣ್ಣ ಶೆಲ್ ಸ್ಕ್ರಿಪ್ಟ್ ಸಿಕ್ಕಿಸಿದೆ. ಹೋಸ್ಟ್ ಕಡೆಯ ವೀತ್ ಹೆಸರು ಅದಕ್ಕೆ ಕೊನೆಯ ಆರ್ಗ್ಯುಮೆಂಟ್ ಆಗಿ ಬರುತ್ತದೆ, ಅದನ್ನು ಹಿಡಿದು ಧ್ವಜ ಏರಿಸುವುದು.

ಇಷ್ಟಕ್ಕೇ ಮುಗಿಯಲಿಲ್ಲ. ಕಂಟೇನರ್‌ನ ರೂಟ್ ತನ್ನೊಳಗಿನ ರೂಟಿಂಗ್ ಟೇಬಲ್ ಬದಲಿಸಬಲ್ಲ. ಪಕ್ಕದ ಕಂಟೇನರ್ 10.0.3.22ಕ್ಕೆ ಹೋಸ್ಟ್‌ನ 10.0.3.1ರ ಮೂಲಕ ಹೋಗು ಎಂದು ಒಂದು ರೂಟ್ ಸೇರಿಸಿದರೆ ಸಾಕು, ಪ್ಯಾಕೆಟ್ ಹೋಸ್ಟ್‌ಗೆ ಹತ್ತಿ ಅದೇ ಬ್ರಿಡ್ಜ್‌ನಿಂದ ಇಳಿದು ಪಕ್ಕದ ಮನೆಗೆ ಸಲೀಸಾಗಿ ನುಗ್ಗುತ್ತದೆ. ಬ್ರಿಡ್ಜ್ ಎಬ್ಬಿಸುವ ಎಲ್‌ಎಕ್ಸ್‌ಸಿ-ನೆಟ್ ತಾನೇ ಹಾಕುವ ಆಕ್ಸೆಪ್ಟ್ ನಿಯಮಗಳು ದಾರಿ ಬಿಡುತ್ತವೆ. ಒಳಬಂದದ್ದೂ ಹೊರಹೋಗುವುದೂ ಎಲ್‌ಎಕ್ಸ್‌ಸಿಬಿಆರ್0 (ಅದೇ ಬ್ರಿಡ್ಜ್) ಆದರೆ ಡ್ರಾಪ್ ಎಂದು ಎನ್‌ಎಫ್‌ಟೇಬಲ್ಸ್ ಫೈರ್‌ವಾಲ್‌ನ ಫಾರ್ವರ್ಡ್‌ನಲ್ಲಿ ಬರೆದ ಮೇಲೆಯೇ ನೆಮ್ಮದಿ. ಇನ್‌ಪುಟ್ ಚೈನ್‌ನಲ್ಲಿ ಬ್ರಿಡ್ಜ್ ಕಡೆಯಿಂದ ಡಿಎಚ್‌ಸಿಪಿ, ಡಿಎನ್‌ಎಸ್ ಬಿಟ್ಟು ಮಿಕ್ಕಿದ್ದೆಲ್ಲ ಬಂದ್, ಇಲ್ಲದಿದ್ದರೆ 0.0.0.0 (ಎಲ್ಲ ಇಂಟರ್‌ಫೇಸ್) ಮೇಲೆ ಕೂತ ಹೋಸ್ಟ್ ಡೇಟಾಬೇಸ್ ಎಲ್ಲರಿಗೂ ಊರಬಾವಿ. ಕ್ಲೌಡ್ ಯಂತ್ರವಾದರೆ 169.254.169.254 (ಕ್ಲೌಡ್‌ನ ಮೆಟಾಡೇಟಾ ವಿಳಾಸ) ಕೂಡ ಮುಚ್ಚಿ, ಕೀಲಿಗಳು ಸಿಗುವುದೇ ಅಲ್ಲಿ. ಕಂಟೇನರ್ ತನ್ನ ಐಪಿ, ಮ್ಯಾಕ್ ಬದಲಿಸಿ ಇನ್ನೊಬ್ಬನ ವೇಷ ಹಾಕದಂತೆ ಬ್ರಿಡ್ಜ್ ಫ್ಯಾಮಿಲಿಯಲ್ಲಿ ನಾಲ್ಕು ಸಾಲು ಇವೆ. ಅವನ್ನು ಇಲ್ಲಿ ಹಾಕುವುದಿಲ್ಲ. ನನ್ನ ಹೊಟ್ಟೆಪಾಡೂ ನಡೆಯಬೇಕಲ್ಲ.

ನಡುವೆ ಮಾಡಿದ ಒಂದು ಪ್ರಯೋಗ ಮಾತ್ರ ಬಹಳ ಹಿಡಿಸಿತು. ಬ್ಯಾಕಪ್ ಕಂಟೇನರ್‌ಗೆ ವೀತ್ ಕೊಡಲೇ ಇಲ್ಲ. ಹೋಸ್ಟ್‌ನಲ್ಲಿ ವೈರ್‌ಗಾರ್ಡ್ (ವಿಪಿಎನ್ ಸುರಂಗ) ಇಂಟರ್‌ಫೇಸ್ ಹುಟ್ಟಿಸಿ, ‘ಫಿಸ್’ (phys, ಹೋಸ್ಟ್‌ನ ಇಂಟರ್‌ಫೇಸನ್ನೇ ಒಪ್ಪಿಸುವ) ಟೈಪ್‌ನಲ್ಲಿ ಒಳಗೆ ತಳ್ಳಿದೆ. ವೈರ್‌ಗಾರ್ಡ್‌ನ ಯುಡಿಪಿ ಸಾಕೆಟ್ ತಾನು ಹುಟ್ಟಿದ ನೇಮ್‌ಸ್ಪೇಸ್‌ನಲ್ಲೇ ಉಳಿಯುತ್ತದೆ, ಹಾಗಾಗಿ ಕಂಟೇನರ್‌ಗೆ ಸುರಂಗ ಬಿಟ್ಟು ಬೇರೆ ಪ್ರಪಂಚವೇ ಇಲ್ಲ. ಒಳಗೆ ಹೋಗುವಾಗ ಇಂಟರ್‌ಫೇಸ್‌ನ ಐಪಿ ಅಳಿಸಿಹೋಗುತ್ತದೆ, ಕಾನ್ಫಿಗ್‌ನಲ್ಲಿ ಮತ್ತೆ ಬರೆಯಬೇಕು. ಮನೆಯ ಹಳೇ ಡಿಸ್ಕಿಗೆ ರಾತ್ರಿ 20 ಜಿಬಿ ಆಸುಪಾಸು ಹರಿಯುತ್ತದೆ, ಇದಕ್ಕೆ ಫೈರ್‌ವಾಲ್ ನಿಯಮ ಒಂದೂ ಬರೆದಿಲ್ಲ.